ಇಲ್ಲಿ ಇನ್ನೂ ಆರು

"ಎಲಿಸೋ, ಒಂದು ತಾಸು ಇಸ್ತ್ರಿಪೆಟ್ಟಿಗೆ ಹಚ್ಚಬೇಡ"
ಐದನೇ ಮಹಡಿಯ ನನ್ನ ಬಾಗಿಲಲ್ಲಿ ನಾಜಿಬ್ರೋಲಾ.
ಕೈಯಲ್ಲಿ ಕಾಲುಚೀಲ, ಯಂತ್ರಕ್ಕೆ ಬಾರದ ಹಿಮ್ಮಡಿಯನ್ನು
ನಡೆಯುತ್ತಲೇ ಹೆಣೆಯುತ್ತಾಳೆ.
ಎದುರು ಮನೆಯ ಬಟ್ಟೆ ಒಗೆಯುವ ಮೆಷಿನ್ನಿಗೂ ಅದೇ ಅಪ್ಪಣೆ,
ಮೇಲಿನವರ ಕರೆಂಟಿನ ಒಲೆಗೂ.
ತ್ಬಿಲಿಸಿಯ ಉತ್ತರದಂಚು, ಗ್ಲದಾನಿ. ನಮ್ಮ ಕಟ್ಟಡದ ಫ್ಯೂಸು
ಮುನಿಸಿಗೆ ನೆಪ ಹುಡುಕುವ ಸೋದರತ್ತೆ.

ನನಗೆ ರಾತ್ರಿಪಾಳಿ. ಬಿಳಿ ಅಂಗಿ ಸುಕ್ಕುಸುಕ್ಕು.
"ಯಾರಿಗೆ ಆಪರೇಶನ್ನು?" ಅಂದೆ, ಆಸ್ಪತ್ರೆಯ ಬಾಯಿ.
"ಲ್ಯಾಪ್‌ಟಾಪಿಗೆ" ಅಂದಳು. ನಗಲಿಲ್ಲ.

ಲಿಫ್ಟು ನಾಣ್ಯ ನುಂಗಿ ನಮ್ಮನ್ನು ಏಳಕ್ಕೆ ಉಗುಳಿತು.
ಪ್ಲಮ್ಮಿನ ಗೊಜ್ಜಿನ ಜಾಡಿ ಸರಿಸಿ
ಅಡುಗೆಮನೆ ಮೇಜಿನ ಮೇಲೆ ಮಲಗಿಸಿದ್ದಾರೆ ಅದನ್ನು.
ಬ್ಯಾಟರಿ ಸತ್ತು ಮೂರು ವರ್ಷ, ಗೋಡೆಯ ಪ್ಲಗ್ಗೇ ಉಸಿರು.
ಒಂಬತ್ತನೇ ಮಹಡಿಯ ಬಾಚಾನಾ, ಮೀಸೆ ಇನ್ನೂ ಚಿಗುರದವನು,
ಪೆನ್‌ಡ್ರೈವ್ ಚುಚ್ಚಿ ಎಫ್‌ಟೂ ಒತ್ತುತ್ತಾನೆ,
ತಡವಾಯಿತು, ಆರಿಸುತ್ತಾನೆ, ಮತ್ತೆ ಒತ್ತುತ್ತಾನೆ.
ಆ ಬಾಗಿಲು ತೆರೆಯುವುದು ಕಣ್ಣೆವೆ ಹೊತ್ತು ಮಾತ್ರ.

"ಹಳೇ ವಿಂಡೋಸ್ ಅಳಿಸಿಬಿಡೋಣ ಅತ್ತೆ, ಲಿನಕ್ಸ್ ಒಂದೇ ಸಾಕು."
"ಅಳಿಸು, ನಿನ್ನ ಕಿವಿ ಉಳಿಯುತ್ತದಾ ನೋಡೋಣ."
ಅವಳ ಹೆಣಿಗೆ ಯಂತ್ರಕ್ಕೆ ಹಳಬನ ಮಾತು ಮಾತ್ರ ತಿಳಿಯುತ್ತದೆ.
ಮಾರಿದ ಕಂಪನಿ ಮುಚ್ಚಿದೆ, ಸೀಡಿ ಗೀರಾಗಿದೆ,
ಒಳಗೆ ಮುನ್ನೂರ ಹನ್ನೊಂದು ವಿನ್ಯಾಸ,
ತುಶೇತಿ ಬೆಟ್ಟದ ಕಾಲುಚೀಲಗಳವು: ಟಗರುಕೊಂಬು, ಹಾವುದಾರಿ,
ಮತ್ತೊಂದು, ಅವಳು ಸೀನಿದಾಗ ತಪ್ಪಿ ಬಿದ್ದದ್ದು.
ಅದೇ ಹೆಚ್ಚು ಖರ್ಚಾಗುವುದು.
ಆದರೆ ಬ್ಯಾಂಕು, ಪಿಂಚಣಿ, ಕೊಳ್ಳುವವರ ಪತ್ರ
ಹಳಬನ ಮುಖ ಕಂಡರೆ ಕದ ಹಾಕಿಕೊಳ್ಳುತ್ತವೆ.

ಹಾಗಾಗಿ ಪಾಲು.
ನೂರಿಪ್ಪತ್ತು ಜಿಬಿಯ ಮನೆಯಲ್ಲಿ
ಹಳಬ ಕೈಕಾಲು ಮಡಿಚಿ ಗೋಡೆಗೆ ಸರಿಯಬೇಕು.
ಹೊಸಿಲು ಒಂದೇ, ಒಲೆ ಎರಡು.
ನೀಲಿ ಪಟ್ಟಿ ತೆವಳುತ್ತಿದೆ: ಮೂವತ್ತೊಂದು. ಮೂವತ್ತೊಂದು.
ಇನ್ನೂ ಮೂವತ್ತೊಂದು.
"ನಕಲು ಇಟ್ಟಿದ್ದೀರಾ?"
"ವಿನ್ಯಾಸಗಳದ್ದಿದೆ. ಪ್ರೋಗ್ರಾಮಿನದ್ದು..."
"ಈಗ ಕರೆಂಟು ಹೋದರೆ?" ಕೇಳಬಾರದಿತ್ತು, ಕೇಳಿಬಿಟ್ಟೆ.
ಬಾಚಾನಾ ಉಗುಳು ನುಂಗಿದ.
ಅವಳು ಪ್ಲಗ್ಗಿನ ಮೇಲೆ ಅಂಗೈ ಒತ್ತಿ ನಿಂತಳು.

ದೀಪ ಒಮ್ಮೆ ಮಿಟುಕಿತು.
ಯಾರೋ, ಎಲ್ಲೋ, ಚಹಾಕ್ಕೆ ನೀರಿಟ್ಟಿದ್ದರು.
ನಾಜಿಬ್ರೋಲಾ ಕೈ ತೆಗೆಯದೆಯೇ, ಕಿಟಕಿಯತ್ತ ಕತ್ತು ಚಾಚಿ
ಆ ಚಹಾ ಕುಡಿಯುವವರ ಏಳು ತಲೆಮಾರನ್ನು ತೊಳೆದಳು.
ಮೂವತ್ತೆರಡು.

ಕೊನೆಗೆ ಕಪ್ಪು ಪರದೆ. ಎರಡು ಸಾಲು.
ಕೆಳಗೆ ಒಂದು ಅಂಕಿ ಹತ್ತರಿಂದ ಇಳಿಯುತ್ತಿದೆ.
"ನಾನು ಯಾವುದನ್ನೂ ಒತ್ತದಿದ್ದರೆ?"
"ಮೇಲಿರುವುದಕ್ಕೆ ತಾನೇ ಹೋಗುತ್ತದೆ."
"ನನ್ನ ಮದುವೆಯೂ ಹೀಗೇ ಆಯಿತು" ಅಂದಳು.
ಸುಕ್ಕು ಅಂಗಿಯಲ್ಲೇ ನಾನು ಬಸ್ಸಿಗೆ ಓಡಿದೆ.

ಮರುದಿನ ಪಾಳಿ ಮುಗಿಸಿ ಬಂದರೆ, ಹತ್ತು ಗಂಟೆ,
ಲಿಫ್ಟಿನ ಬಳಿಯೇ ಹಿಡಿದಳು: "ಬಾ, ವಿಚಿತ್ರ ನೋಡು."
ಹೊಸದರಲ್ಲಿ ಹತ್ತು. ಆರಿಸಿ ಹಚ್ಚಿದರೆ
ಹಳೆಯದರಲ್ಲಿ ಆರು.
ಬಾಚಾನಾ ಆಕಳಿಸುತ್ತಾ ವಿವರಿಸಿದ:
ಒಳಗಿರುವ ಗಡಿಯಾರ ಒಂದೇ. ಇಬ್ಬರೂ ಅದನ್ನೇ ನೋಡುತ್ತಾರೆ.
ಒಬ್ಬ ಅದು ಜಗತ್ತಿನ ಮೂಲ ಗಂಟೆ ಎಂದು ನಾಲ್ಕು ಸೇರಿಸಿ ಓದುತ್ತಾನೆ,
ಇನ್ನೊಬ್ಬ ನಮ್ಮ ಗೋಡೆಯದೇ ಎಂದು ನಂಬಿ ಕೂತಿದ್ದಾನೆ.
ಒಂದೇ ಸಾಲಿನ ಆಜ್ಞೆ ಸಾಕು, ಸರಿಹೋಗುತ್ತದೆ.

ನಾನು ಆ ಮೂಲೆಯ ಪುಟ್ಟ ಆರನ್ನು ನೋಡುತ್ತಾ ನಿಂತೆ.
ಬೆಳಿಗ್ಗೆ ಆರಕ್ಕೆ ಹನ್ನೆರಡನೇ ಹಾಸಿಗೆಯ ಮುದುಕ
ನನ್ನ ಅಂಗಿ ನೋಡಿ ನಕ್ಕಿದ್ದ,
"ಮಗಳೇ, ನನಗಿಂತ ನಿನ್ನ ಅಂಗಿಗೇ ವಯಸ್ಸಾಗಿದೆ."
ಎಂಟಕ್ಕೆ ನಾವು ಹಾಸಿಗೆಯ ಚಾದರ ಬದಲಿಸಿದೆವು.

"ಸರಿಮಾಡಲಾ?" ಹುಡುಗ ಕೇಳುತ್ತಿದ್ದ.
ನಾಜಿಬ್ರೋಲಾ ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ.
"ನಾಳೆ ಮಾಡು" ಅಂದಳು.
ಸ್ಟೂಲು ಎಳೆದುಕೊಟ್ಟಳು. ಯಂತ್ರ ಟಕಟಕ ಶುರುವಾಯಿತು,
ಸಾಲು ಸಾಲಾಗಿ, ಸೀನಿನ ಆ ತಪ್ಪಿನ ತನಕ.